ಪಾತ್ರೆ ತೊಳೆಯುವ ಮೇಸ್ತ್ರಿ

ಐಸಣ್ಣನ ಮುಖದ ಮೇಲೆ ಮೂಗು ಇದ್ದದ್ದು ಕನ್ನಡಕ ನಿಲ್ಲಿಸಿಕೊಳ್ಳುವುದಕ್ಕೆ ಮಾತ್ರ. ವಾಸನೆ ಹಿಡಿಯುವ ಕೆಲಸವನ್ನು ಅದು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಐಸ್ ಫ್ಯಾಕ್ಟರಿಯಲ್ಲಿ ಒಂದು ದಿನ ಅಮೋನಿಯದ ಪೈಪು ಬಾಯಿಬಿಟ್ಟಾಗ ಉಳಿದವರೆಲ್ಲ ಬಿದ್ದು ಎದ್ದು ಹೊರಗೋಡಿದರೆ, ಈ ಪುಣ್ಯಾತ್ಮ ವಾಲ್ವ್ ತಿರುಗಿಸಲು ಒಳಕ್ಕೆ ಹೋದ. ವಾಲ್ವೂ ಮುಚ್ಚಿತು, ಇವನ ಮೂಗೂ ಮುಚ್ಚಿತು. ವಾಸನೆ ಹೋದವನಿಗೆ ರುಚಿ ಎಲ್ಲಿಂದ ಬರಬೇಕು? ಉಪ್ಪು, ಹುಳಿ, ಸಿಹಿ ಎಂದು ನಾಲಿಗೆ ಒಂದಿಷ್ಟು ಹೇಳುತ್ತಿತ್ತು, ಅದಕ್ಕಿಂತ ಆಚೆ ಎಲ್ಲ ಒಂದೇ. "ಇವರಿಗೆ ಒದ್ದೆ ಪೇಪರ್ ಬಡಿಸಿದ್ರೂ ಇನ್ನೊಂಚೂರು ಹಾಕು ಅಂತಾರೆ" ಎಂದು ಹೆಂಡತಿ ರೇಗಿಸುತ್ತಿದ್ದಳು.

ಇಂಥ ಮನುಷ್ಯ ರಿಟೈರ್ ಆದ ಮೇಲೆ ಅಡುಗೆಮನೆ ಸೇರಿದ, ಅದೂ ನಾಯಿಗಳಿಗೆ ಐಸ್‌ಕ್ಯಾಂಡಿ ಮಾಡುವುದಕ್ಕೆ. ಕೇಳಿದವರು ಮೊದಲು ನಗುತ್ತಿದ್ದರು. ಆಮೇಲೆ ತಮ್ಮ ನಾಯಿಗೂ ಒಂದು ಕೊಡಿ ಎನ್ನುತ್ತಿದ್ದರು. ಆ ಬೇಸಿಗೆ ಕೆಟ್ಟದಾಗಿ ಮುಗಿಯದೆ ಇದ್ದಿದ್ದರೆ ಈ ಕಥೆಯನ್ನು ಇಂದಿಗೂ ನಗುತ್ತಲೇ ಹೇಳಬಹುದಿತ್ತು.

ಎಲ್ಲಕ್ಕೂ ಮೂಲ ಅವರ ಮನೆಯ ನಾಯಿ. ಫ್ಯಾಕ್ಟರಿ ಗೇಟಿನ ಬಳಿ ಸಿಕ್ಕ ಕುಳ್ಳ ಕಾಲಿನ ಮರಿ ಅದು. ಯಾರು ಏನು ಕೆಲಸ ಮಾಡುತ್ತಿದ್ದರೂ ಎದುರಿಗೆ ಕುಳಿತು, ತಪ್ಪು ಹಿಡಿಯಲು ಬಂದಿರುವಂತೆ ನೋಡುತ್ತಿತ್ತು. ಅದಕ್ಕೇ ಮೇಸ್ತ್ರಿ ಎಂದು ಹೆಸರು ಬಿತ್ತು. ಮಕ್ಕಳಿಲ್ಲದ ಮನೆ. ಐಸಣ್ಣನ ಹೆಂಡತಿ ಹೊರಗೆ ಹೇಳುವಾಗ "ನಮ್ಮ ನಾಯಿ" ಎನ್ನುತ್ತಿದ್ದಳು, ಒಳಗೆ "ಮಗನೇ" ಎಂದು ಕರೆಯುತ್ತಿದ್ದಳು. ಆ ಮೇಸ್ತ್ರಿಗೆ ವಯಸ್ಸಾಗುತ್ತ ಬಂದಂತೆ ಮಾಂಸ ಒಗ್ಗದಾಯಿತು, ಹಾಲು ಒಗ್ಗದಾಯಿತು. ಮೈಯೆಲ್ಲ ತುರಿಸಿಕೊಂಡು ಬೆನ್ನಿನ ಕೂದಲು ಉದುರಿ, ನೋಡಲು ಸಂಕಟವಾಗುತ್ತಿತ್ತು. ಮುಂದಿನ ರಸ್ತೆಯಲ್ಲಿ ಕ್ಲಿನಿಕ್ ಇಟ್ಟಿದ್ದ ನಾಯಿ ಡಾಕ್ಟರಮ್ಮ ನೋಡಿ, ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ, ಬರೀ ಗಿಡದ್ದು ಕೊಟ್ಟು ನೋಡಿ ಎಂದರು. ಆ ಮಾತು ಐಸಣ್ಣನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಗಿಡದ್ದಾದರೆ ಒಳ್ಳೆಯದು. ಪಾಪ, ಅದನ್ನು ಅವನು ಆಮೇಲೆ ಒಮ್ಮೆಯೂ ತಿರುಗಿಸಿ ನೋಡಲಿಲ್ಲ.

ಗಿಡದ್ದೇ ಸರಿ ಎಂದು ಶುರು ಮಾಡಿದ. ಬೇಯಿಸಿದ ಸಿಹಿಗುಂಬಳ, ಕಳಿತ ಬಾಳೆಹಣ್ಣು, ಹುರಿದ ಕಡಲೆಕಾಯಿಯನ್ನು ಎಣ್ಣೆ ಬಿಡುವ ತನಕ ರುಬ್ಬಿದ ಪೇಸ್ಟು, ಓಟ್ಸ್ ನೆನೆಸಿ ಹಿಂಡಿದ ಹಾಲು. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕಲಸಿ, ಸಣ್ಣ ಲೋಟಗಳಿಗೆ ಸುರಿದು, ಕಡ್ಡಿಯ ಬದಲು ಒಂದೊಂದು ಕ್ಯಾರೆಟ್ ತುಂಡು ಸಿಕ್ಕಿಸಿ ಫ್ರೀಜರಿಗೆ ಇಡುತ್ತಿದ್ದ. ಕಡ್ಡಿ ಸಮೇತ ತಿಂದು ಮುಗಿಸಬಹುದು. ಐಸಿನ ವಿಚಾರದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಯಾರ ಮನೆಗೆ ಕೊಟ್ಟರೂ ಒಂದು ಮಾತು ತಪ್ಪದೆ ಹೇಳುತ್ತಿದ್ದ: "ತೆಗೆದ ತಕ್ಷಣ ಕೊಡಬೇಡಿ, ನಾಲಿಗೆ ಅಂಟ್ಕೊಳ್ಳತ್ತೆ. ಹೊರಗಿಡಿ. ಮೇಲೆ ಬೆವರು ಬರಬೇಕು. ಬೆವರು ಬಂದ ಮೇಲೆ ಕೊಡಿ."

ರುಚಿ ನೋಡುವ ಕೆಲಸ ಹೆಂಡತಿಯದು. ಅವನ ನಾಲಿಗೆಯ ಕೆಲಸವನ್ನೂ ಅವಳ ನಾಲಿಗೆಯೇ ಮಾಡಬೇಕಿತ್ತಲ್ಲ. ಕುಂಬಳ ಹುಳಿಯಾಗಿದೆಯೋ, ಕಡಲೆಕಾಯಿ ಕಮಟಾಗಿದೆಯೋ, ಅವನಿಗೆ ತಿಳಿಯುವಂತಿರಲಿಲ್ಲ. ಒಂದೊಂದು ಪದಾರ್ಥ ಹಾಕಿದಾಗಲೂ ಚಮಚ ಚಾಚುತ್ತಿದ್ದ, ಅವಳು ಬಾಯಿಗಿಟ್ಟು ಕಣ್ಣು ಮುಚ್ಚಿ ನೋಡಿ "ಹ್ಞೂಂ" ಎಂದ ಮೇಲೇ ಮುಂದಿನದು. ತನ್ನ ಬಾಯಿಗೆ ಆಗದ್ದು ಯಾವ ನಾಯಿಯ ಬಾಯಿಗೂ ಹೋಗಬಾರದು ಎನ್ನುವುದು ಅವಳ ಕಟ್ಟಪ್ಪಣೆ. ಓಣಿಯವರಿಗೂ ಅದೇ ಧೈರ್ಯ. ಐಸಣ್ಣನ ಹೆಂಡತಿ ತಿಂದು ನೋಡಿದ್ದಾಳೆ ಎಂದರೆ ಮುಗಿಯಿತು, ಆಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ.

ಕೊನೆಯ ಕೆಲಸ ಮೇಸ್ತ್ರಿಯದು. ಲೋಟ ತುಂಬಿದ ಮೇಲೆ ಪಾತ್ರೆಯ ತಳದಲ್ಲಿ ಒಂದೆರಡು ಸೌಟಿನಷ್ಟು ಬೇಕೆಂದೇ ಬಿಟ್ಟು ಐಸಣ್ಣ ಅದನ್ನು ನೆಲಕ್ಕಿಡುತ್ತಿದ್ದ. ಮೇಸ್ತ್ರಿ ಕುತ್ತಿಗೆಯ ತನಕ ತಲೆ ತೂರಿಸಿ, ಪಾತ್ರೆಯನ್ನು ಅಡುಗೆಮನೆಯ ಆ ಮೂಲೆಯಿಂದ ಈ ಮೂಲೆಗೆ ದೂಡಿಕೊಂಡು ಹೋಗಿ, ಮುಖ ಕಾಣುವ ಹಾಗೆ ನೆಕ್ಕಿ ಮುಗಿಸುತ್ತಿತ್ತು. ಇದಕ್ಕೆ ಆ ಮನೆಯಲ್ಲಿ ಪಾತ್ರೆ ತೊಳೆಯುವುದು ಎಂದೇ ಹೆಸರು. "ಮೇಸ್ತ್ರಿ ಪಾತ್ರೆ ತೊಳೆದನಾ?" "ಆಗಲೇ ತೊಳೆದ." ಹಾಗಂದ ಮೇಲೆ ಅವಳು ಒಮ್ಮೆ ಬಿಸಿನೀರು ತೋರಿಸಿ ಸ್ಟ್ಯಾಂಡಿಗೆ ಮಗುಚಿ ಹಾಕುತ್ತಿದ್ದಳು. ಕ್ಯಾಂಡಿ ಬೇರೆ, ಅದು ಸಂಜೆ ಊಟವಾದ ಮೇಲೆ. ಅದಕ್ಕೆ ತಿನ್ನುವುದು ಎನ್ನುತ್ತಿದ್ದರು. ಪಾತ್ರೆಯದು ಕೆಲಸ. ಹೀಗೆ ತಮಾಷೆಗೆ ಹುಟ್ಟಿದ ಲೆಕ್ಕ ವರ್ಷಗಳಿಂದ ನಡೆದು ನಡೆದು ನಿಜವಾದ ಲೆಕ್ಕವೇ ಆಗಿಹೋಗಿತ್ತು.

ಆ ಬೇಸಿಗೆಯ ಶುರುವಿನಲ್ಲಿ ಹೆಂಡತಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಬಾಳೆಹಣ್ಣು ಮುಟ್ಟಬೇಡಿ, ಸಿಹಿ ಬಿಡಿ ಎಂದು ಅವಳ ಡಾಕ್ಟರು ಹೇಳಿದರು. ಅವಳು ಕಾಫಿಯ ಸಕ್ಕರೆ ಬಿಟ್ಟಳು, ಬಿಸ್ಕತ್ತು ಬಿಟ್ಟಳು. ಚಮಚ ಮಾತ್ರ ಬಿಡಲೊಲ್ಲಳು.

"ನಾನು ನೋಡದೆ ಇದ್ರೆ ನೀವು ಹಾಳಾದದ್ದನ್ನೂ ಹಾಕಿ ಕೊಟ್ಟುಬಿಡ್ತೀರಿ. ಒಂದು ನಾಯಿಗೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

"ಹಾಗಂತ ನಿನಗೆ ಹೆಚ್ಚುಕಮ್ಮಿ ಆದ್ರೆ ನಾನೇನು ಮಾಡ್ಲೇ?" ಎಂದ ಐಸಣ್ಣ. ಅವಳಿಲ್ಲದ ಮನೆಯನ್ನು ಅವನು ಅರೆಕ್ಷಣ ಯೋಚಿಸಿದ್ದ, ಅಷ್ಟಕ್ಕೇ ಹೆದರಿಹೋಗಿದ್ದ.

ಬಾಳೆಹಣ್ಣು ತೆಗೆದು, ಸಿಹಿಗುಂಬಳದ ಬದಲು ಸಪ್ಪೆ ಸೋರೆಕಾಯಿ ಹಾಕಿ ನೋಡಿದ. ನಾಯಿಗಳು ಮೂಸಿ ಮುಖ ತಿರುಗಿಸಿದವು. ಗ್ಯಾರೇಜಿನ ಕಾವಲು ನಾಯಿಯಂತೂ ಕ್ಯಾಂಡಿಯನ್ನು ಮಣ್ಣಿನಲ್ಲಿ ಹೂತಿಟ್ಟಿತು. ಐಸಣ್ಣನಿಗೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆಗ ಒಂದು ದಿನ ಬಂದವನು ಭಾವಮೈದ, ಹೆಂಡತಿಯ ತಮ್ಮ. ಔಷಧಿ ಅಂಗಡಿಗಳಿಗೆ ಮಾಲು ಹಾಕುವ ಕೆಲಸ ಅವನದು. ಬರುವಾಗ ಅಕ್ಕನಿಗೆಂದು ಒಂದು ಪೊಟ್ಟಣ ತಂದಿದ್ದ. ಒಳಗೆ ಬಿಳಿ ಪುಡಿ, ಥೇಟ್ ಸಕ್ಕರೆ.

"ಸಕ್ಕರೆ ಕಾಯಿಲೆಯವರಿಗೆ ಅಂತಲೇ ಬರೋದು ಭಾವ. ಅಷ್ಟೇ ಸಿಹಿ, ಏನೂ ತೊಂದರೆ ಇಲ್ಲ. ಹಲ್ಲಿಗೂ ಒಳ್ಳೇದಂತೆ."

"ಯಾವುದರಿಂದ ಮಾಡ್ತಾರೋ?"

"ಮರದ ತೊಗಟೆಯಿಂದ. ಮರದ ಸಕ್ಕರೆ ಅಂತಾರೆ."

ಮರದ್ದು ಎಂದದ್ದೇ ತಡ, ಐಸಣ್ಣನ ಮುಖ ಅರಳಿತು. ಗಿಡದ್ದಾದರೆ ಒಳ್ಳೆಯದು. ಹೆಂಡತಿ ಆ ಪುಡಿಯನ್ನು ಗಾಜಿನ ಡಬ್ಬಿಗೆ ಸುರಿದು ಓಟ್ಸ್ ಡಬ್ಬಿಯ ಪಕ್ಕ ಇಟ್ಟಳು. ಅಕ್ಕನ ಮೇಲಿನ ಪ್ರೀತಿಯಿಂದ ತಮ್ಮ ತಂದದ್ದು, ಹೆಂಡತಿಯ ಮೇಲಿನ ಪ್ರೀತಿಯಿಂದ ಗಂಡ ಪಾತ್ರೆಗೆ ಹಾಕಲು ಹೊರಟದ್ದು. ಇದರಲ್ಲಿ ಯಾರನ್ನು ಬೈಯುವುದು ಹೇಳಿ. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಆಮೇಲೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಸೆಕೆ ಏಳುವ ಮುಂಚೆಯೇ ಕೆಲಸ ಹಿಡಿದರು. ಸೋರೆಕಾಯಿ ಬೆಂದಿತು, ಕಡಲೆಕಾಯಿ ನುಣ್ಣಗಾಯಿತು. ಐಸಣ್ಣ ಬಿಳಿ ಪುಡಿಯನ್ನು ಕೈ ಬಿಚ್ಚಿ ಹಾಕಿದ. ಹೆಂಡತಿ ಮೊದಲು ಡಬ್ಬಿಯಲ್ಲಿದ್ದದ್ದನ್ನೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಅವಳ ಹುಬ್ಬು ಮೇಲೇರಿತು.

"ಅಯ್ಯೋ, ಇದೇನ್ರೀ, ನಾಲಿಗೆ ಮೇಲೆ ತಣ್ಣಗಾಗತ್ತೆ. ಇನ್ನೂ ಫ್ರೀಜರಿಗೇ ಇಟ್ಟಿಲ್ಲ, ಆಗಲೇ ಐಸು."

ಐಸಣ್ಣ ನಕ್ಕ. ಜೀವಮಾನವೆಲ್ಲ ತಣ್ಣಗೆ ಮಾಡುವುದನ್ನೇ ನಂಬಿ ಬದುಕಿದವನು, ತಾನಾಗಿಯೇ ತಣ್ಣಗಿರುವ ಪುಡಿ ಸಿಕ್ಕಿತೆಂದು ಅವನಿಗೆ ಖುಷಿಯೋ ಖುಷಿ. ತಾನೂ ಒಂದು ಚಿಟಿಕೆ ನಾಲಿಗೆಗಿಟ್ಟು ನೋಡಿದ. ಹೌದು, ತಣ್ಣಗಿತ್ತು. ಆಮೇಲೆ ಕಲಸಿದ್ದನ್ನು ಅವಳು ಚಮಚದಲ್ಲಿ ತಿಂದು, ಕಣ್ಣು ಮುಚ್ಚಿ, ಇನ್ನೊಂದು ಚಮಚ ಕೇಳಿ ತಿಂದಳು. "ಹ್ಞೂಂ. ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ." ಬಹಳ ದಿನಗಳಿಂದ ಸಿಹಿ ತಿನ್ನದ ಬಾಯಿ, ಅವಳಿಗೆ ಕಣ್ಣಲ್ಲಿ ನೀರೇ ಬಂತು. ಲೋಟಗಳು ತುಂಬಿದವು, ಕ್ಯಾರೆಟ್ಟು ನಿಂತಿತು, ಫ್ರೀಜರ್ ಬಾಗಿಲು ಮುಚ್ಚಿತು. ತಳದಲ್ಲಿ ಎಂದಿಗಿಂತ ಒಂದು ಸೌಟು ಹೆಚ್ಚೇ ಬಿಟ್ಟು ಐಸಣ್ಣ ಪಾತ್ರೆಯನ್ನು ನೆಲಕ್ಕಿಟ್ಟ.

"ಬಾರಯ್ಯ ಮೇಸ್ತ್ರಿ, ಡ್ಯೂಟಿಗೆ."

ಮೇಸ್ತ್ರಿ ಅಂದು ಪಾತ್ರೆಯನ್ನು ಎಷ್ಟು ಚೆನ್ನಾಗಿ ತೊಳೆಯಿತೆಂದರೆ ಅವಳು ನೀರು ತೋರಿಸುವುದೂ ಬೇಡ ಎಂದುಕೊಂಡಳು. ತೋರಿಸಿದಳು, ಮಗುಚಿ ಹಾಕಿದಳು.

ಸ್ವಲ್ಪ ಹೊತ್ತಿಗೆ ನಾಯಿ ಹಿತ್ತಲ ಬಾಗಿಲ ಬಳಿ ವಾಂತಿ ಮಾಡಿತು. ಆತುರಕ್ಕೆ ನುಂಗಿದ್ದಾನೆ, ಹೊಟ್ಟೆಬಾಕ ಎಂದು ಅವಳು ಒರೆಸಿದಳು. ಆಮೇಲೆ ಅದು ಎದ್ದು ನೀರಿನ ಬಟ್ಟಲಿನ ಕಡೆ ಹೊರಟಿತು, ಹಿಂಗಾಲು ಪಕ್ಕಕ್ಕೆ ಜಾರಿತು, ಅಲ್ಲೇ ಕುಳಿತುಬಿಟ್ಟಿತು. ಐಸಣ್ಣ ನೋಡಿದ. ಹೊರಗೆ ಬಿಸಿಲು ಕೆಂಡ ಕಾರುತ್ತಿತ್ತು, ಮೇಸ್ತ್ರಿಗೆ ವಯಸ್ಸಾಗಿತ್ತು. ಒದ್ದೆ ಬಟ್ಟೆ ಹಿಂಡಿ ಅದರ ಬೆನ್ನಿನ ಮೇಲೆ ಹಾಸಿ "ಇವತ್ತು ರಜಾ ಹಾಕಿದ್ದೀಯಾ? ಹಾಕಪ್ಪ, ಹಾಕು" ಎಂದು ತಲೆ ಸವರಿದ. ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಸಂಜೆ ಹೇಗೂ ಕ್ಲಿನಿಕ್ಕಿಗೆ ಕ್ಯಾಂಡಿ ಕೊಡಲು ಹೋಗುತ್ತೇನೆ, ಡಾಕ್ಟರಮ್ಮನನ್ನು ಒಂದು ಮಾತು ಕೇಳಿದರಾಯಿತು ಎಂದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಥರ್ಮೋಕೋಲ್ ಡಬ್ಬದಲ್ಲಿ ಕ್ಯಾಂಡಿ ಜೋಡಿಸಿಕೊಂಡು ಹೊರಟ. ಫೋನು ಫ್ರಿಜ್ಜಿನ ಮೇಲೇ ಉಳಿಯಿತು, ಅದು ಅವನ ಹಳೆಯ ಚಾಳಿ. ಮೊದಲು ಗ್ಯಾರೇಜು. ಮೆಕ್ಯಾನಿಕ್ಕು ಗಾಡಿಯ ಅಡಿಯಿಂದಲೇ ಕಾಲಾಡಿಸಿ "ಟೇಬಲ್ ಮೇಲಿಡಿ ಅಣ್ಣ, ಬೆವರು ಬರಲಿ" ಎಂದ. ಆಮೇಲೆ ಮೂಲೆಯ ಟೈಲರಮ್ಮ. ಅವಳ ಬಿಳಿ ನಾಯಿ ಇವನನ್ನು ಕಂಡದ್ದೇ ಗಿರಗಿರನೆ ಸುತ್ತಿತು. ಅವಳು ಕ್ಯಾಂಡಿಯನ್ನು ತಟ್ಟೆಯಲ್ಲಿಟ್ಟು ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಕೊನೆಗೆ ಕ್ಲಿನಿಕ್ಕು.

ಡಾಕ್ಟರಮ್ಮ ಕೈ ತೊಳೆದು ಬಂದು ಡಬ್ಬದೊಳಗೆ ಬಗ್ಗಿ ನೋಡಿದರು. "ಇವತ್ತು ಬಣ್ಣ ಬೇರೆ ಥರ ಇದೆಯಲ್ಲ?"

"ಬಾಳೆಹಣ್ಣು ಬಿಟ್ಟೆ ಡಾಕ್ಟರಮ್ಮ. ಮನೆಯವಳಿಗೆ ಸಕ್ಕರೆ ಕಾಯಿಲೆ. ಅವಳು ರುಚಿ ನೋಡಬೇಕಲ್ಲ? ಅದಕ್ಕೆ ಮರದ ಸಕ್ಕರೆ ಹಾಕಿದೀನಿ. ಪೂರ್ತಿ ಗಿಡದ್ದೇ." ಇದನ್ನು ಹೇಳುವಾಗ ಅವನಿಗೆ ಹೆಮ್ಮೆ. ಗಿಡದ್ದು ಎಂದು ದಾರಿ ತೋರಿಸಿದವರೇ ಅವರಲ್ಲವೆ.

ಡಾಕ್ಟರಮ್ಮನ ಕೈ ಡಬ್ಬದ ಅಂಚಿನ ಮೇಲೇ ನಿಂತಿತು. "ಬಾಯಿಗೆ ಹಾಕ್ಕೊಂಡ್ರೆ ತಣ್ಣಗಾಗತ್ತಾ ಅದು?"

"ಹೌದು. ನಿಮಗೆ ಹೇಗೆ ಗೊತ್ತಾಯ್ತು?"

"ಎಲ್ಲೆಲ್ಲಿ ಕೊಟ್ಟಿದ್ದೀರಿ ಇದನ್ನ? ಬೇಗ ಹೇಳಿ." ಅವರು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ಮನುಷ್ಯರಿಗೆ ಅದು ಏನೂ ಮಾಡಲ್ಲ. ನಾಯಿಗೆ ವಿಷ. ಸ್ವಲ್ಪ ಹೋದ್ರೂ ರಕ್ತದಲ್ಲಿರೋ ಸಕ್ಕರೆ ಎಲ್ಲಾ ಇಳಿದುಹೋಗತ್ತೆ, ಆಮೇಲೆ ಲಿವರ್. ನಿಮ್ಮ ಮೇಸ್ತ್ರಿ ತಿಂದನಾ?"

"ಇಲ್ಲ. ಅವನಿಗೆ ಊಟ ಆದ ಮೇಲೆ. ಇನ್ನೂ ಕೊಟ್ಟಿಲ್ಲ."

ಸುಳ್ಳಲ್ಲ. ಅವನು ತಿಳಿದದ್ದನ್ನೇ ಹೇಳಿದ. ಫ್ರೀಜರಿನಲ್ಲಿ ಮೇಸ್ತ್ರಿಯ ಪಾಲಿನ ಲೋಟ ಹಾಗೇ ನಿಂತಿರುವುದು ಅವನ ಕಣ್ಣ ಮುಂದೆ ಇತ್ತು. ಪಾತ್ರೆ ಅವನ ನೆನಪಿಗೆ ಬರಲೇ ಇಲ್ಲ. ಕೇಳಬೇಕೆಂದುಕೊಂಡು ಬಂದಿದ್ದ ಮಾತೂ ಆ ಗಾಬರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಗ್ಯಾರೇಜು, ಟೈಲರಮ್ಮ ಎಂದು ಅವನು ಹೇಳಿದ ಕೂಡಲೇ ಡಾಕ್ಟರಮ್ಮ ಗ್ಯಾರೇಜಿಗೆ ಫೋನ್ ಹಚ್ಚಿದರು, ಅಲ್ಲಿ ಯಾರೂ ಎತ್ತಲಿಲ್ಲ. ಐಸಣ್ಣ ಆಗಲೇ ರಸ್ತೆಯಲ್ಲಿದ್ದ.

ಅವನು ಓಡಿ ಎಷ್ಟು ಕಾಲವಾಗಿತ್ತೋ. ಚಪ್ಪಲಿ ಒಂದು ಕಳಚಿಬಿತ್ತು, ತಿರುಗಿ ನೋಡಲಿಲ್ಲ. ಬೆವರು ಬಂದಿರಬಾರದು, ಬೆವರು ಬಂದಿರಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತಾನೇ ಹೇಳಿಕೊಟ್ಟ ಮಾತು ಅದು, ಈಗ ಅದರ ಮೇಲೇ ಒಂದು ಜೀವ ನಿಂತಿತ್ತು. ಟೈಲರಮ್ಮನ ಬಾಗಿಲಿಗೆ ಬಂದಾಗ ಅವಳು ತಟ್ಟೆಯನ್ನು ನೆಲಕ್ಕಿಡುತ್ತಿದ್ದಳು. ನಾಯಿ ನಾಲಿಗೆ ಚಾಚಿ ಒಂದು ಸಲ ನೆಕ್ಕಿತ್ತು. ಐಸಣ್ಣ ತಟ್ಟೆಯನ್ನು ಕಾಲಿನಿಂದ ಒದ್ದ. ಅವಳು ಕತ್ತರಿ ಹಿಡಿದುಕೊಂಡೇ ದಂಗಾಗಿ ನಿಂತಳು.

"ಎತ್ಕೊಂಡು ಡಾಕ್ಟರಮ್ಮನ ಹತ್ರ ಓಡಿ ತಾಯಿ. ನನ್ನಿಂದ ತಪ್ಪಾಯ್ತು. ಆಮೇಲೆ ಬೈರಿ, ಈಗ ಓಡಿ."

ಗ್ಯಾರೇಜಿನಲ್ಲಿ ಕ್ಯಾಂಡಿ ಟೇಬಲ್ ಮೇಲೆ ಬೆವರಿ, ಕೆಳಗೆ ಸಣ್ಣ ಮಡು ಕಟ್ಟಿತ್ತು. ಕಾವಲು ನಾಯಿ ಸರಪಳಿಯನ್ನು ಬಿಗಿಯಾಗಿ ಎಳೆದು ನಿಂತು ಅದನ್ನೇ ನೋಡುತ್ತಿತ್ತು. ಮೆಕ್ಯಾನಿಕ್ಕು ಇನ್ನೂ ಗಾಡಿಯ ಅಡಿಯಲ್ಲೇ ಇದ್ದ. ಐಸಣ್ಣ ಅದನ್ನು ಬಾಚಿ ಅಲ್ಲೇ ಬಿದ್ದಿದ್ದ ಒಂದು ಖಾಲಿ ಡಬ್ಬಕ್ಕೆ ತುಂಬಿಕೊಂಡು, ಟೇಬಲ್ಲನ್ನು ತನ್ನ ಅಂಗಿಯಿಂದಲೇ ಒರೆಸಿದ.

ಕ್ಲಿನಿಕ್ಕಿಗೆ ವಾಪಸ್ ಬಂದಾಗ ಬಿಳಿ ನಾಯಿ ಮೇಜಿನ ಮೇಲೆ ನಿಂತು ಬಾಲ ಆಡಿಸುತ್ತಿತ್ತು. ಒಂದು ನೆಕ್ಕಿಗೆ ಏನೂ ಆಗಿಲ್ಲ, ರಾತ್ರಿ ಇಲ್ಲೇ ಇಟ್ಟುಕೊಂಡು ನೋಡುತ್ತೇನೆ ಎಂದರು ಡಾಕ್ಟರಮ್ಮ. ಟೈಲರಮ್ಮ ಬೈಯಬೇಕೆಂದು ಬಾಯಿ ತೆರೆದವಳು ಅವನ ಬರಿಗಾಲು ನೋಡಿ ಕೂರಲು ಸ್ಟೂಲು ಎಳೆದುಕೊಟ್ಟಳು. "ಮನೇಲಿರೋದನ್ನ ಎಲ್ಲಾ ಎಸೆದುಬಿಡಿ" ಎಂದರು ಡಾಕ್ಟರಮ್ಮ. "ನಿಮ್ಮ ಪುಣ್ಯ, ಹೊತ್ತಿಗೆ ಸರಿಯಾಗಿ ಗೊತ್ತಾಯ್ತು."

ಹಾಗೆ ಅನ್ನಿಸಿಕೊಂಡು ಐಸಣ್ಣ ಮನೆಯ ಕಡೆ ನಿಧಾನವಾಗಿ ನಡೆದ. ನಿಧಾನವಾಗಿ ನಡೆದ, ಅದನ್ನು ಅವನು ಮುಂದೆ ಒಂದು ದಿನವೂ ಮರೆಯಲಿಲ್ಲ. ದಾರಿಯಲ್ಲಿ ಚಪ್ಪಲಿ ಹುಡುಕಿ ಹಾಕಿಕೊಂಡ. ಒಂದು ಕಟ್ಟೆಯ ಮೇಲೆ ಕುಳಿತು ಎದೆಯ ಡವಡವ ಇಳಿಯುವ ತನಕ ಸುಧಾರಿಸಿಕೊಂಡ. ಎಲ್ಲ ಸಿಕ್ಕಿತು, ಒಂದೂ ಹೋಗಲಿಲ್ಲ ಎಂದು ಹೆಂಡತಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಅವಳು ನೊಂದುಕೊಳ್ಳುತ್ತಾಳೆ, ತಾನು ರುಚಿ ನೋಡಿದ್ದೆನಲ್ಲ ಎನ್ನುತ್ತಾಳೆ, ಸಮಾಧಾನ ಮಾಡಬೇಕು.

ಬಾಗಿಲು ತೆರೆದೇ ಇತ್ತು. "ಎಷ್ಟು ಸಲ ಫೋನ್ ಮಾಡ್ಲಿ ನಿಮಗೆ" ಎಂದಳು ಅವಳು ಒಳಗಿನಿಂದ. "ಫ್ರಿಜ್ ಮೇಲೇ ಬಡ್ಕೋತಿದೆ." ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು, ಮೇಸ್ತ್ರಿಯ ತಲೆ ಅವಳ ತೊಡೆಯ ಮೇಲಿತ್ತು. ಕಾಲುಗಳು ಮಲಗಿದಲ್ಲೇ ಓಡುತ್ತಿರುವಂತೆ ಅದುರುತ್ತಿದ್ದವು. "ಬಿಸಿಲಿಗಲ್ಲ ರೀ ಇದು. ಬೇರೇನೋ ಆಗಿದೆ ನನ್ನ ಮಗನಿಗೆ."

ಐಸಣ್ಣ ಸ್ಟ್ಯಾಂಡಿನ ಕಡೆ ನೋಡಿದ. ಪಾತ್ರೆ ಮಗುಚಿಕೊಂಡು ಕುಳಿತಿತ್ತು. ಅವನಿಗೆ ಅಡಿಯಿಂದ ಮುಡಿಯವರೆಗೆ ತಣ್ಣಗಾಯಿತು. ನಾಯಿಯನ್ನು ಎತ್ತಿಕೊಂಡ, ಬಂದ ದಾರಿಯಲ್ಲೇ ಮತ್ತೆ ಓಡಿದ. ಹಿಂದೆ ಅವಳು ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು.

ಡಾಕ್ಟರಮ್ಮ ಸೂಜಿ ಚುಚ್ಚಿದರು, ಗ್ಲೂಕೋಸ್ ಏರಿಸಿದರು, ಬಹಳ ಹೊತ್ತು ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದರು. ಕಿಟಕಿಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಆ ಬೆಳಕು ಹೋಗುವ ಮುಂಚೆಯೇ ಅದುರುತ್ತಿದ್ದ ಕಾಲು ನಿಂತಿತು. ಡಾಕ್ಟರಮ್ಮ ಕೈಗವಸು ತೆಗೆದರು.

"ಬೆಳಿಗ್ಗೆಯೇ ಹೋಗಿದೆ ಹೊಟ್ಟೆಗೆ. ಆಗಲೇ ತಂದಿದ್ರೆ..." ಆಮೇಲೆ ಮೆಲ್ಲಗೆ ಕೇಳಿದರು. "ತಿಂದನಾ ಅಂತ ಕೇಳಿದೆನಲ್ಲ. ಇಲ್ಲ ಅಂದ್ರಿ."

"ತಿಂದಿಲ್ಲ ಡಾಕ್ಟರಮ್ಮ" ಎಂದ ಐಸಣ್ಣ. "ಪಾತ್ರೆ ತೊಳೆದ."

ಹೆಂಡತಿಗೆ ವಿಷಯ ಪೂರ್ತಿ ತಿಳಿದದ್ದು ಆಗ. ಅವಳು ಅಳಲಿಲ್ಲ. ಗಂಡನ ಮುಖ, ಡಾಕ್ಟರಮ್ಮನ ಮುಖ ನೋಡಿ, "ನಾನು ಎರಡು ಚಮಚ ತಿಂದಿದ್ದೆ" ಎಂದಳು. "ನನಗೇನೂ ಆಗಲಿಲ್ಲವಲ್ಲ." "ನನಗೆ ಯಾಕೆ ಏನೂ ಆಗಲಿಲ್ಲ?" ಎಂದು ಇನ್ನೊಮ್ಮೆ ಕೇಳಿದಳು.

ಹಿತ್ತಲಿನಲ್ಲಿ ಮಣ್ಣು ಮಾಡಿ ಬಂದ ಮೇಲೆ ಐಸಣ್ಣ ಫ್ರೀಜರ್ ತೆಗೆದು ಲೋಟಗಳನ್ನೆಲ್ಲ ಮೋರಿಗೆ ಸುರಿದ. ಮೇಸ್ತ್ರಿಯ ಪಾಲಿನದು ಕೊನೆಗೆ ಉಳಿಯಿತು. ಅದು ಗಟ್ಟಿಯಾಗಿ ಹಿಡಿದುಕೊಂಡು ಬೀಳಲಿಲ್ಲ, ಬಿಸಿನೀರು ಹಾಕಿ ಬಿಡಿಸಬೇಕಾಯಿತು. ಹೆಂಡತಿ ಅಷ್ಟರಲ್ಲಿ ಸ್ಟ್ಯಾಂಡಿನಿಂದ ಆ ದೊಡ್ಡ ಪಾತ್ರೆಯನ್ನು ಇಳಿಸಿಕೊಂಡು, ನಲ್ಲಿಯ ಅಡಿಯಲ್ಲಿ ಹಿಡಿದು ತಿಕ್ಕುತ್ತಿದ್ದಳು. ಸೋಪು ಹಾಕಿದಳು, ತಿಕ್ಕಿದಳು, ಮತ್ತೆ ಸೋಪು ಹಾಕಿದಳು. ಬಿಡು ಎಂದು ಅವನು ಕೈ ಹಿಡಿಯಲು ಹೋದ. ಅವಳು ಬಿಡಲಿಲ್ಲ. ಪಾತ್ರೆ ಬೆಳಿಗ್ಗೆಯಿಂದಲೇ ಫಳಫಳ ಹೊಳೆಯುತ್ತಿತ್ತು, ತೊಳೆಯಲು ಅದರಲ್ಲಿ ಏನೂ ಇರಲಿಲ್ಲ.